ಮನೆಯಲ್ಲಿ ಗುಂಡ ಒಬ್ಬನೇ!



ಕಳೆದ ನವೆಂಬರಿನ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಮಕ್ಕಳ ನೃತ್ಯ ಮುಗಿದಿತ್ತು. ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದು ಇಡೀ ಸಭಾಂಗಣ ಘಮ್ಮೆನ್ನುತ್ತಿತ್ತು. ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ ನಾನು ಮೊಬೈಲ್ ನೋಡಿದವನೇ ತಟ್ಟೆಯನ್ನು ಅಲ್ಲೇ ಇಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಹೊರಗೆ ಓಡಿದೆ. ಮಗಳು ಇನ್ನೂ ನೃತ್ಯದ ವೇಷದಲ್ಲೇ ಇದ್ದಳು! ಮರುದಿನ ನಾಲ್ಕು ಫೋನ್ ಬಂದವು, "ಊರಿಂದ ಏನಾದರೂ ಕೆಟ್ಟ ಸುದ್ದಿಯೇ?" ಎಂದು. ಒಬ್ಬರಂತೂ ನನಗೂ ಸಮಿತಿಯವರಿಗೂ ಜಗಳವಾಗಿದೆ ಎಂದೇ ತೀರ್ಮಾನಿಸಿಬಿಟ್ಟಿದ್ದರಂತೆ.

ಅಂಥದ್ದೇನೂ ಇಲ್ಲ ಸ್ವಾಮೀ. ಮನೆಯಲ್ಲಿ ಗುಂಡ ಒಬ್ಬನೇ ಇದ್ದ, ಅಷ್ಟೇ. ಗುಂಡ ಎಂದರೆ ನಮ್ಮ ನಾಯಿ.

ಈ ಕಥೆಯನ್ನು ನಮ್ಮ ಸಂಪಾದಕರಿಗೆ ಹೇಳಿದಾಗ ಅವರು ನಗುತ್ತಾ, "ಅದನ್ನೇ ಬರೆದುಕೊಡಿ, ಬಳಗದಲ್ಲಿ ಇನ್ನೂ ಎರಡು ಮೂರು ಮನೆಗಳಲ್ಲಿ ನಾಯಿಮರಿ ತರುವ ಮಾತು ನಡೆಯುತ್ತಿದೆ" ಎಂದರು. ಕೋಡ್ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲದ ನಾನು ಹೀಗೆ ಸಿಕ್ಕಿಹಾಕಿಕೊಂಡೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾಯಿ ಬೇಕು ಎಂದು ಎರಡು ವರ್ಷ ಸತ್ಯಾಗ್ರಹ ಮಾಡಿದವಳು ನನ್ನ ಮಗಳು. ಒಬ್ಬಳೇ ಮಗಳು, ವಯಸ್ಸು ಒಂಬತ್ತು. ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಬಿಡುವುದಿಲ್ಲಮ್ಮಾ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಆದರೆ ಕಾರ್ಲ್ಸ್‌ರೂಹೆಯ ಫೆಡರಲ್ ನ್ಯಾಯಾಲಯ 2013ರಲ್ಲೇ, "ನಾಯಿ ಬೆಕ್ಕು ಸಾಕಲೇಬಾರದು ಎಂದು ಬಾಡಿಗೆ ಕರಾರಿನಲ್ಲಿ ಸಾರಾಸಗಟಾಗಿ ಬರೆದರೆ ಅದು ಸಿಂಧುವಲ್ಲ, ಪ್ರತಿಯೊಂದು ಪ್ರಕರಣವನ್ನೂ ಬೇರೆಯಾಗಿ ತೂಗಿ ನೋಡಬೇಕು" ಎಂದು ತೀರ್ಪು ಕೊಟ್ಟಿದೆ. ಇದನ್ನು ನನ್ನ ಹೆಂಡತಿ ಎಲ್ಲೋ ಓದಿ ಮಗಳ ಪಕ್ಷಕ್ಕೆ ಸೇರಿಕೊಂಡಳು. ಮನೆ ಮಾಲೀಕರಿಗೆ ಪತ್ರ ಬರೆದೆವು. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಮ್ಯೂನಿಕ್ ನಗರಕ್ಕೆ ವರ್ಷಕ್ಕೆ 100 ಯೂರೋ ನಾಯಿ ತೆರಿಗೆ ಬೇರೆ. ಊರಿನಲ್ಲಿ ಬೀದಿಗೆ ಹತ್ತು ನಾಯಿ ಕಂಡವನು ನಾಯಿಗೆ ತೆರಿಗೆ ಕಟ್ಟಿದ್ದನ್ನು ಅಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ಕಳೆದ ವರ್ಷ ಮೇ ತಿಂಗಳ ನಡುವೆ, ಊರ ಹೊರಗಿನ ಒಂದು ರೈತರ ಮನೆಯಿಂದ ಮರಿ ಬಂತು. ತಾಯಿ ಲ್ಯಾಬ್ರಡಾರ್, ತಂದೆ ಯಾರೆಂದು ರೈತರಿಗೂ ಸರಿಯಾಗಿ ಗೊತ್ತಿಲ್ಲ. ಇಲ್ಲಿನ ಕಾನೂನಿನ ಪ್ರಕಾರ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡುವಂತಿಲ್ಲ. ನಮ್ಮದಕ್ಕೆ ಒಂಬತ್ತು ವಾರ. ಕಪ್ಪಗೆ, ದುಂಡಗೆ, ಉದ್ದಿನ ವಡೆಗೆ ನಾಲ್ಕು ಕಾಲು ಬಂದ ಹಾಗೆ ಇತ್ತು. ಮಗಳು ಏನೇನೋ ಇಂಗ್ಲಿಷ್ ಹೆಸರು ಯೋಚಿಸಿಟ್ಟಿದ್ದಳು. ಅಷ್ಟರಲ್ಲಿ ನಮ್ಮಮ್ಮ, "ಬಾರೋ ಗುಂಡಾ" ಎಂದು ಕರೆದರು, ಅದು ಬಾಲ ಅಲ್ಲಾಡಿಸುತ್ತಾ ಅವರ ಸೆರಗಿಗೇ ಹೋಯಿತು. ಅಲ್ಲಿಗೆ ನಾಮಕರಣ ಮುಗಿಯಿತು. ಜರ್ಮನ್ ಭಾಷೆಯಲ್ಲಿ ನಾಯಿಗೆ ಹುಂಡ್ ಎನ್ನುತ್ತಾರಲ್ಲ, ಪಾರ್ಕಿನಲ್ಲಿ ನಾನು "ಗುಂಡಾ" ಎಂದು ಕೂಗಿದರೆ ಇಲ್ಲಿಯವರು, ಈ ಮನುಷ್ಯ ತನ್ನ ನಾಯಿಯನ್ನು 'ನಾಯೀ' ಎಂದೇ ಕರೆಯುತ್ತಾನಲ್ಲ ಎಂದು ನಗುತ್ತಾರೆ!

ಅಮ್ಮನ ವಿಷಯ ಹೇಳಲೇಬೇಕು, ಏಕೆಂದರೆ ಕಥೆಯ ಮೂಲ ಅಲ್ಲೇ ಇದೆ. ಅವರು ತೀರ್ಥಹಳ್ಳಿಯಿಂದ ಏಪ್ರಿಲ್‌ನಲ್ಲಿ ಬಂದಿದ್ದರು. ಷೆಂಗೆನ್ ವೀಸಾ ನಿಮಗೆಲ್ಲ ಗೊತ್ತೇ ಇದೆ, 180 ದಿನಗಳಲ್ಲಿ 90 ದಿನ, ಒಂದು ದಿನವೂ ಹೆಚ್ಚಿಲ್ಲ. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಮರಿಯ ಜವಾಬ್ದಾರಿ ಸಹಜವಾಗಿ ಅಮ್ಮನಿಗೆ ಬಂತು. ಅವರಿಗೂ ಈ ದೇಶದಲ್ಲಿ ಮಾತಿಗೆ ಜನ ಬೇಕಿತ್ತು. ಬೆಳಿಗ್ಗೆ ಅವರು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರೆ ಗುಂಡ ಅವರ ಸೀರೆಯ ನೆರಿಗೆಯ ಮೇಲೆ ಮಲಗಿರುತ್ತಿದ್ದ. ಅಡುಗೆಮನೆಗೆ ಹೋದರೆ ಹಿಂದೆ, ಬಟ್ಟೆ ಒಣಗಿಸಲು ಹೋದರೆ ಹಿಂದೆ. ರಾತ್ರಿ ಹಾಲ್‌ನಲ್ಲಿ ಅಮ್ಮನ ಹಾಸಿಗೆಯ ಪಕ್ಕ. ನಾನು ಆಫೀಸಿನಿಂದ ಬಂದು, "ಎಷ್ಟು ಒಳ್ಳೆಯ ಮರಿ, ಒಂದು ದಿನ ಗಲಾಟೆ ಮಾಡಿಲ್ಲ" ಎಂದು ಹೆಮ್ಮೆಪಡುತ್ತಿದ್ದೆ. ಎಂಟು ವಾರಗಳಲ್ಲಿ ಆ ಮರಿ ಒಂದು ನಿಮಿಷವೂ ಒಂಟಿಯಾಗಿರಲಿಲ್ಲ ಎಂಬುದು ನನ್ನ ಎಂಜಿನಿಯರ್ ತಲೆಗೆ ಹೊಳೆಯಲೇ ಇಲ್ಲ.

ಜುಲೈ ಮೊದಲ ವಾರ ಅಮ್ಮ ಹೊರಟರು. ವಿಮಾನ ನಿಲ್ದಾಣದಿಂದ ಬಂದ ರಾತ್ರಿ ಗುಂಡ ಅಮ್ಮ ಮಲಗುತ್ತಿದ್ದ ಜಾಗವನ್ನು ಮೂಸಿ ಮೂಸಿ ಸುತ್ತಿ, ಅಲ್ಲೇ ಮಲಗಿದ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾವು ಮೂವರೂ ಬಾಗಿಲು ಹಾಕಿಕೊಂಡು ಹೋದೆವು. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಬರುವುದು ಎಂದು ಯೋಜನೆ. ನಾಲ್ಕೂವರೆ ಗಂಟೆ, ಮಲಗಿರುತ್ತಾನೆ ಬಿಡು ಎಂದುಕೊಂಡೆ.

ಬಂದು ನೋಡಿದರೆ ಮುಂಬಾಗಿಲ ಚೌಕಟ್ಟಿನ ಕೆಳಭಾಗ ಚೂರು ಚೂರಾಗಿದೆ. ನೆಲದ ಮೇಲೆ ಉಚ್ಚೆ, ಜೊಲ್ಲು. ಬಟ್ಟಲಿನಲ್ಲಿ ಇಟ್ಟ ಊಟ ಹಾಗೇ ಇದೆ. ಗುಂಡ ನಡುಗುತ್ತಾ ಬಂದು ನನ್ನ ಶೂ ಮೇಲೆ ಮಲಗಿಬಿಟ್ಟ. ನಾನು ಏನು ಮಾಡಿದೆ ಗೊತ್ತೇ? ಬಾಗಿಲು ತೋರಿಸಿ ಬೈದೆ. ಅವನು ಕಿವಿ ಮಡಿಸಿ ತಲೆ ತಗ್ಗಿಸಿದ. "ನೋಡು, ತಪ್ಪು ಮಾಡಿದ್ದು ಅವನಿಗೇ ಗೊತ್ತು" ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಇದು ನಾನು ಮಾಡಿದ ಎರಡನೇ ಮೂರ್ಖತನ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದ್ದಾರೆ. ನಾಯಿ ತಿನ್ನಬಾರದ ತಿಂಡಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ 'ಅಪರಾಧಿ ಮುಖ'ಕ್ಕೂ ಸಂಬಂಧವೇ ಇರಲಿಲ್ಲವಂತೆ. ಯಜಮಾನ ಬೈದರೆ ಆ ಮುಖ ಬರುತ್ತಿತ್ತು. ಏನೂ ತಪ್ಪು ಮಾಡದ ನಾಯಿಯನ್ನು ಬೈದಾಗಲೂ ಬಂತು! ಅಂದರೆ ಅದು ನಮ್ಮ ಕೋಪಕ್ಕೆ ಉತ್ತರ, ತಪ್ಪೊಪ್ಪಿಗೆಯಲ್ಲ. ಒಂಟಿಯಾಗಿರಲು ಹೆದರುವ ನಾಯಿಗೆ ನಾವು ಮರಳಿ ಬಂದಾಗಲೂ ಹೆದರಿಕೆಯೇ ಕಾದಿದೆ ಎಂದಾದರೆ ಅದರ ಗತಿ ಏನು?

ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ನಮ್ಮ ಟಪಾಲು ಪೆಟ್ಟಿಗೆಯಲ್ಲಿ ಒಂದು ಲಕೋಟೆ. ಕೆಳಗಿನ ಮಹಡಿಯ ಅಜ್ಜಿಯದು. ಎಂಬತ್ತರ ಹತ್ತಿರದವರು, ಒಬ್ಬರೇ ಇರುತ್ತಾರೆ. ಲಕೋಟೆಯಲ್ಲಿ ಜರ್ಮನಿಯ ವಿಶಿಷ್ಟ ದಸ್ತಾವೇಜು, ಲೆರ್ಮ್‌ಪ್ರೊಟೊಕೊಲ್, ಅಂದರೆ ಗಲಾಟೆಯ ದಿನಚರಿ. ಗೆರೆ ಹಾಕಿದ ಹಾಳೆಯಲ್ಲಿ ಮುದ್ದಾದ ಅಕ್ಷರಗಳಲ್ಲಿ: ಸೋಮವಾರ, 8.04ರಿಂದ 8.51, ಊಳು. 9.10ರಿಂದ 9.32, ಬೊಗಳು. 11.20ರಿಂದ 11.45, ಊಳು, ಬಾಗಿಲು ಕೆರೆತ. ಹೀಗೆ ನಾಲ್ಕೂ ದಿನದ್ದು. ಪ್ರತಿಯೊಂದನ್ನು ಮಾಲೀಕರಿಗೂ ಕಳಿಸಿದ್ದರು.

ನಾಯಿ ಬೊಗಳುವುದಕ್ಕೂ ಇಲ್ಲಿ ಲೆಕ್ಕವಿದೆ. ಕಲೋನಿನ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಒಂದು ಪ್ರಕರಣದಲ್ಲಿ, ಒಂದೇ ಸಮನೆ ಹತ್ತು ನಿಮಿಷ, ದಿನಕ್ಕೆ ಒಟ್ಟು ಮೂವತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೊಗಳುವುದನ್ನು ನೆರೆಯವರು ಸಹಿಸಬೇಕಾಗಿಲ್ಲ, ಮಧ್ಯಾಹ್ನ ಮತ್ತು ರಾತ್ರಿಯ ವಿಶ್ರಾಂತಿ ಹೊತ್ತಿನಲ್ಲಂತೂ ಬೊಗಳಲೇಬಾರದು ಎಂದಿತ್ತು. ಅದು ಎಲ್ಲೆಡೆ ಕಟ್ಟುನಿಟ್ಟಾದ ಕಾನೂನೇನೂ ಅಲ್ಲ, ಆದರೂ ಜಗಳ ಬಂದಾಗಲೆಲ್ಲ ಎಲ್ಲರೂ ಅದನ್ನೇ ಎತ್ತುತ್ತಾರೆ. ಗುಂಡ ಅಷ್ಟನ್ನು ಬೆಳಿಗ್ಗೆ ಒಂಬತ್ತರೊಳಗೇ ಮುಗಿಸಿಬಿಡುತ್ತಿದ್ದ. ಒಂದು ವಾರದಲ್ಲಿ ಮಾಲೀಕರ ಪತ್ರ ಬಂತು. ನಾಲ್ಕು ವಾರದೊಳಗೆ ಪರಿಹಾರ ಕಂಡುಕೊಳ್ಳಿ, ಇಲ್ಲವಾದರೆ ನಾಯಿ ಸಾಕಲು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಆ ರಾತ್ರಿ ನಾವಿಬ್ಬರೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದೆವು. "ರೀ, ಆ ರೈತರು ವಾಪಸ್ ತಗೋತಾರಾ ಕೇಳಿ ನೋಡಿ" ಎಂದಳು ಹೆಂಡತಿ. ಅವಳ ಕಣ್ಣಲ್ಲೂ ನೀರಿತ್ತು. ಬಾಗಿಲ ಹಿಂದೆ ಮಗಳು ನಿಂತಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಅಳಲಿಲ್ಲ. "ಅಪ್ಪಾ, ಅಜ್ಜಿ ಹೋದಾಗ ನಾನೂ ಅತ್ತೆ. ನನ್ನನ್ನ ವಾಪಸ್ ಕೊಡಲಿಲ್ಲವಲ್ಲ?" ಎಂದಳು. ಇದಕ್ಕೆ ನಾನು ಏನು ಉತ್ತರ ಕೊಡಲಿ ಹೇಳಿ.

ಮರುದಿನದಿಂದಲೇ ಹುಡುಕಾಟ ಶುರು. ಡಲ್ಲಾಸ್‌ನಲ್ಲಿರುವ ಭಾವ ಫೋನಿನಲ್ಲಿ, "ಒಂದು ಕ್ರೇಟ್ ತಗೊಂಡು ಅದರೊಳಗೆ ಕೂಡಿಹಾಕಿ ಹೋಗಯ್ಯ, ಇಲ್ಲಿ ಎಲ್ಲರೂ ಅದನ್ನೇ ಮಾಡೋದು" ಎಂದರು. ಅಮೆರಿಕದಲ್ಲಿ ಅದು ಸಾಮಾನ್ಯ. ಇಲ್ಲಿ ಹಾಗಿಲ್ಲ. ಬಾಗಿಲು ತೆರೆದ ಕ್ರೇಟಿನಲ್ಲಿ ನಾಯಿ ತಾನಾಗಿಯೇ ಮಲಗಲಿ, ಕಾರಿನಲ್ಲಿ ಒಯ್ಯಲು ಬಳಸಲಿ, ಆದರೆ ಮನೆಯಲ್ಲಿ ಗಂಟೆಗಟ್ಟಲೆ ಬೀಗ ಹಾಕಿ ಇಡುವುದು ಜರ್ಮನಿಯ ಪ್ರಾಣಿರಕ್ಷಣಾ ನಿಯಮಗಳಿಗೆ ವಿರುದ್ಧ. ಅದೂ ಅಲ್ಲದೆ ಬಾಗಿಲ ಚೌಕಟ್ಟನ್ನೇ ತಿಂದವನು ಕ್ರೇಟಿನೊಳಗೆ ಗಾಬರಿಯಾದರೆ ಹಲ್ಲು ಉಗುರು ಮುರಿದುಕೊಳ್ಳುತ್ತಾನೆ. ಇನ್ನೊಬ್ಬರು, ಬೊಗಳಿದರೆ ಶಾಕ್ ಕೊಡುವ ಕೊರಳಪಟ್ಟಿ ಇದೆ ಎಂದರು. ಅಂಥ ವಿದ್ಯುತ್ ಪಟ್ಟಿಗಳ ಬಳಕೆ ನಿಷಿದ್ಧ ಎಂದು ಇಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ 2006ರಲ್ಲೇ ಹೇಳಿಯಾಗಿದೆ. ನಿಷೇಧವಿಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ. ಹೆದರಿ ಅಳುವವರಿಗೆ ಅತ್ತದ್ದಕ್ಕೆ ಹೊಡೆಯುವುದೇ? ಮತ್ತೊಬ್ಬರು ಇನ್ನೊಂದು ನಾಯಿ ತಂದುಬಿಡಿ ಎಂದರು. ಅವರಿಗೆ ನಮಸ್ಕಾರ! (ನಾಯಿ ಹೆದರುವುದು ಮನುಷ್ಯರು ಹೋದದ್ದಕ್ಕಾದರೆ ಎರಡನೇ ನಾಯಿಯಿಂದ ಅನೇಕ ಸಲ ಏನೂ ಪ್ರಯೋಜನವಾಗುವುದಿಲ್ಲ. ಇಬ್ಬರೂ ಸೇರಿ ಊಳಿಡುತ್ತಾರೆ.)

ಕೊನೆಗೆ ಹತ್ತಿರದ ಒಂದು ಹುಂಡೆಶೂಲೆಗೆ, ಅಂದರೆ ನಾಯಿ ಶಾಲೆಗೆ ಹೋದೆವು. 2014ರಿಂದ ಈ ದೇಶದಲ್ಲಿ ನಾಯಿ ತರಬೇತಿಯನ್ನು ವೃತ್ತಿಯಾಗಿ ನಡೆಸಲು ಸರ್ಕಾರದ ಪರವಾನಗಿ ಬೇಕು, ಹಾಗಾಗಿ ಪರವಾನಗಿ ಇದೆಯೇ ಎಂದು ಕೇಳಿಯೇ ಹೋಗಿ. ಅಲ್ಲಿನ ತರಬೇತುದಾರರು ಗುಂಡನನ್ನು ನೋಡುವ ಮೊದಲು ನಮ್ಮನ್ನೇ ಪ್ರಶ್ನಿಸಿದರು. ಮರಿ ಬಂದಾಗಿನಿಂದ ಎಷ್ಟು ಹೊತ್ತು ಒಂಟಿಯಾಗಿತ್ತು? ಸೊನ್ನೆ. ಮೊದಲ ಸಲ ಎಷ್ಟು ಹೊತ್ತು ಬಿಟ್ಟಿರಿ? ನಾಲ್ಕೂವರೆ ಗಂಟೆ. ಆಕೆ ಪೆನ್ನು ಕೆಳಗಿಟ್ಟು ನಮ್ಮನ್ನೇ ನೋಡಿದರು. ಈಜು ಬಾರದವರನ್ನು ತುಂಗಾ ನದಿಯ ಮಡುವಿಗೆ ನೂಕಿ, ಮಧ್ಯಾಹ್ನ ಬಂದು ನೋಡುತ್ತೇನೆ ಎಂದು ಹೋದಂತಾಗಿತ್ತು ನಾವು ಮಾಡಿದ್ದು.

ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು, ಎರಡನ್ನೂ ಕೂಡಿಸಿ ಹೇಳುತ್ತೇನೆ. ನಾಯಿಮರಿ ಹುಟ್ಟಿನಿಂದ ಅಣ್ಣತಮ್ಮಂದಿರ ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಲಗುವ ಪ್ರಾಣಿ. ಒಂಟಿಯಾದರೆ ಕೂಗುವುದು ಅದರ ಹಠವಲ್ಲ, ಬದುಕುವ ದಾರಿ. ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ಅಮೆರಿಕದಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಅಭ್ಯಾಸ ಮಾಡಿ 1965ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಯಾವುದನ್ನು ಕಂಡು ಬೆಳೆಯುತ್ತದೋ ಅದು ಅದಕ್ಕೆ ಸಹಜವೆನಿಸುತ್ತದೆ. ನಮ್ಮ ಗುಂಡ ಆ ಹೊತ್ತಿನಲ್ಲಿ ಪ್ರೆಶರ್ ಕುಕ್ಕರಿನ ಸೀಟಿ, ಒಗ್ಗರಣೆಯ ಸದ್ದು, ಸಹಸ್ರನಾಮ, ಎಲ್ಲವನ್ನೂ ಕಲಿತ. ಖಾಲಿ ಮನೆಯನ್ನು ಮಾತ್ರ ಕಲಿಯಲಿಲ್ಲ.

ನಮ್ಮೂರಿನ ನಾಯಿಗಳನ್ನು ನೆನೆಸಿಕೊಂಡೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಕಾಳ ಎಂಬ ನಾಯಿ ಇತ್ತು. ಅದನ್ನು ಯಾರೂ 'ಒಂಟಿಯಾಗಿರಲು' ಕಲಿಸಲಿಲ್ಲ. ಕಲಿಸುವ ಅಗತ್ಯವೇ ಬರಲಿಲ್ಲ. ಜಗುಲಿಯಲ್ಲಿ ಯಾರಾದರೂ ಇರುತ್ತಿದ್ದರು, ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು, ಕೊಟ್ಟಿಗೆಯಲ್ಲಿ ದನಗಳಿದ್ದವು. ಬೇಸರವಾದರೆ ಕಾಳ ಎದ್ದು ತೋಟಕ್ಕೆ ಹೋಗುತ್ತಿತ್ತು. ನಾಲ್ಕು ಗೋಡೆ, ಮುಚ್ಚಿದ ಬಾಗಿಲು, ಒಳಗೆ ಒಂದು ನಾಯಿ ಎಂಬುದು ಫ್ಲ್ಯಾಟಿನಲ್ಲಿರುವ ನಾವು ಹುಟ್ಟಿಸಿದ ಪರಿಸ್ಥಿತಿ. ನಾವು ಹುಟ್ಟಿಸಿದ್ದನ್ನು ನಾವೇ ಕಲಿಸಬೇಕು.

ಮೊದಲ ನಿಯಮ ಬಹಳ ಕಷ್ಟದ್ದು. ತರಬೇತಿ ಮುಗಿಯುವವರೆಗೆ ಅವನು ತಡೆದುಕೊಳ್ಳುವುದಕ್ಕಿಂತ ಒಂದು ನಿಮಿಷವೂ ಹೆಚ್ಚು ಒಂಟಿ ಬಿಡಬಾರದು. ಒಂದು ಸಲ ಗಾಬರಿಯಾದರೆ ವಾರದ ಕೆಲಸ ನೀರುಪಾಲು. ಅದೃಷ್ಟಕ್ಕೆ ಬವೇರಿಯಾದ ಶಾಲೆಗಳಿಗೆ ಆಗಸ್ಟ್ ಪೂರ್ತಿ, ಸೆಪ್ಟೆಂಬರ್ ನಡುವಿನವರೆಗೆ ಬೇಸಿಗೆ ರಜೆ. ಊರಿಗೆ ಹೋಗಲೆಂದು ಉಳಿಸಿಟ್ಟಿದ್ದ ರಜೆಯನ್ನು ನಾವಿಬ್ಬರೂ ಸರದಿಯಂತೆ ಹಾಕಿದೆವು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ. ಒಂದು ದಿನ ಗುಂಡ ನನ್ನ ಜೊತೆ ಆಫೀಸಿಗೆ (ಇಲ್ಲಿ ಎಷ್ಟೋ ಆಫೀಸುಗಳಲ್ಲಿ ನಾಯಿಗೆ ಪ್ರವೇಶವಿದೆ, ಮೇಲಧಿಕಾರಿಯನ್ನು ಕೇಳಿ ನೋಡಿ, ಮ್ಯೂನಿಕ್‌ನ ರೈಲು ಬಸ್ಸುಗಳಲ್ಲಿ ಒಬ್ಬರ ಜೊತೆ ಒಂದು ನಾಯಿಗೆ ಟಿಕೆಟ್ ಇಲ್ಲ). ಉಳಿದ ಹೊತ್ತಿಗೆ ನಮ್ಮ ಬಳಗದ ಒಬ್ಬ ಎಂ.ಎಸ್. ವಿದ್ಯಾರ್ಥಿ ಬರುತ್ತಿದ್ದ. ಅವನಿಗೆ ಸಂಭಾವನೆ, ಜೊತೆಗೆ ಹುಳಿ ಅನ್ನ. ಎರಡನೆಯದಕ್ಕೇ ಬರುತ್ತಿದ್ದನೆಂದು ನನ್ನ ಅನುಮಾನ.

ಮಾಲೀಕರಿಗೆ ನಾನು ಉತ್ತರ ಬರೆದೆ. ಕ್ಷಮೆ, ಬಾಗಿಲ ಚೌಕಟ್ಟನ್ನು ಸರಿಮಾಡಿಸುವ ಭರವಸೆ, ಜೊತೆಗೆ ವಾರವಾರದ ಯೋಜನೆಯ ಪಟ್ಟಿ. ಪಟ್ಟಿ ನೋಡಿದರೆ ಜರ್ಮನರ ಮನಸ್ಸು ಕರಗುತ್ತದೆ ಎಂಬುದು ನನ್ನ ಹತ್ತು ವರ್ಷಗಳ ಅನುಭವ. ಗಡುವು ಅಕ್ಟೋಬರ್ ಕೊನೆಗೆ ಹೋಯಿತು.

ಇನ್ನು ಪಾಠ. ಅದು ಶುರುವಾಗಿದ್ದು ಮುಂಬಾಗಿಲಲ್ಲಿ ಅಲ್ಲ, ಬಚ್ಚಲಮನೆಯಲ್ಲಿ! ಗುಂಡ ನನ್ನ ಹಿಂದೆ ಅಲ್ಲಿಗೂ ಬರುತ್ತಿದ್ದನಲ್ಲ, ಅಲ್ಲಿನ ಬಾಗಿಲನ್ನು ಐದು ಸೆಕೆಂಡು ಮುಚ್ಚಿ, ಅವನು ಕುಂಯ್ ಎನ್ನುವ ಮೊದಲೇ ತೆರೆದು ಹೊರಬರುವುದು. ಗುಟ್ಟು ಇರುವುದು ಇಲ್ಲೇ. ಕುಂಯ್ ಎಂದ ಮೇಲೆ ಬಂದರೆ, ಕೂಗಿದರೆ ಬರುತ್ತಾರೆ ಎಂದು ಕಲಿಯುತ್ತಾನೆ. ಅದಕ್ಕೂ ಕೆಟ್ಟದ್ದೆಂದರೆ ಆಗಲೇ ಹೆದರಿಬಿಟ್ಟಿರುತ್ತಾನೆ. ಹೆದರುವ ಮೊದಲೇ ಬಂದರೆ, ಹೋದವರು ಬರುತ್ತಾರೆ ಎಂಬುದು ಅವನಿಗೆ ಸುದ್ದಿಯೇ ಅಲ್ಲದಂತಾಗುತ್ತದೆ. ಐದು ಸೆಕೆಂಡು, ಹತ್ತು, ಮತ್ತೆ ಮೂರು, ಇಪ್ಪತ್ತು, ಮತ್ತೆ ಐದು. ಪ್ರತಿ ಸಲ ಹೆಚ್ಚಿಸುತ್ತಲೇ ಹೋದರೆ ಅವನೂ ಲೆಕ್ಕ ಹಾಕಿ, 'ಮುಂದಿನದು ಇನ್ನೂ ಕಷ್ಟ' ಎಂದು ತಿಳಿದುಬಿಡುತ್ತಾನೆ.

ಆಮೇಲೆ ಬೀಗದ ಕೈ. ಕೀ ಗೊಂಚಲಿನ ಸದ್ದು, ಶೂ, ಜಾಕೆಟ್, ಲ್ಯಾಪ್‌ಟಾಪ್ ಚೀಲದ ಜಿಪ್. ನಾವು ಹೊರಡುವ ಹತ್ತು ನಿಮಿಷ ಮೊದಲೇ ಇವನ್ನೆಲ್ಲ ಕಂಡು ಅವನ ಎದೆ ಡವಡವ. ಹಾಗಾಗಿ ಮನೆಯಲ್ಲಿ ನಾಟಕ ಶುರುವಾಯಿತು. ಶೂ ಹಾಕಿಕೊಂಡು ಸೋಫಾ ಮೇಲೆ ಕೂರುವುದು. ಜಾಕೆಟ್ ತೊಟ್ಟು ದೋಸೆ ಹೊಯ್ಯುವುದು. ಕೀ ಗೊಂಚಲು ಹಿಡಿದು ಟೀವಿ ನೋಡುವುದು. ಆಗಸ್ಟಿನ ಸೆಕೆಯಲ್ಲಿ ಜಾಕೆಟ್ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದ ನನ್ನನ್ನು ನೋಡಿ ಹೆಂಡತಿ ನಕ್ಕಿದ್ದು ನೆನಪಿದೆ. ಹತ್ತು ದಿನದಲ್ಲಿ ಕೀ ಸದ್ದಾದರೆ ಗುಂಡ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದ.

ಮುಂಬಾಗಿಲ ಹೊರಗೆ ಹೋದದ್ದು ಮೂರನೇ ವಾರ. ಹಳೆಯ ಮೊಬೈಲನ್ನು ಪುಸ್ತಕದ ಕಪಾಟಿನಲ್ಲಿ ಕ್ಯಾಮೆರಾ ಆಗಿ ಇಟ್ಟು, ನಾನು ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಕ್ಯಾಮೆರಾ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಸದ್ದಿಲ್ಲ ಎಂದರೆ ಸುಖವಾಗಿದ್ದಾನೆ ಎಂದಲ್ಲ. ಸದ್ದಿಲ್ಲದೆ ಬಾಗಿಲನ್ನೇ ನೋಡುತ್ತಾ ನಿಂತು, ಏದುಸಿರು ಬಿಡುತ್ತಾ, ಆಕಳಿಸುತ್ತಾ, ತುಟಿ ನೆಕ್ಕುತ್ತಾ ಇರುವುದೂ ಹೆದರಿಕೆಯೇ. ಮೊದಲ ದಿನ ಮೂವತ್ತು ಸೆಕೆಂಡು. ವಾರದ ಕೊನೆಗೆ ನಾಲ್ಕು ನಿಮಿಷ. ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟೆ. ದಿನಾಂಕ, ಎಷ್ಟು ಹೊತ್ತು, ಹೊರಡುವ ಮೊದಲು ಎಷ್ಟು ನಡೆಸಿದ್ದೆವು, ಉಚ್ಚೆ ಆಗಿತ್ತೇ, ಊಟ ಆಗಿತ್ತೇ, ಏನು ಮಾಡಿದ. ಎರಡು ವಾರದ ಅಂಕಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಇಸಾರ್ ನದಿ ದಂಡೆಯಲ್ಲಿ ಚೆನ್ನಾಗಿ ಮೂಸುತ್ತಾ ತಿರುಗಾಡಿ, ಉಚ್ಚೆ ಕಕ್ಕ ಮುಗಿಸಿ, ಊಟ ಮಾಡಿ, ಕಣ್ಣು ಎಳೆಯತೊಡಗಿದಾಗ ಹೊರಟರೆ ಮಲಗಿಬಿಡುತ್ತಿದ್ದ. ಮರಿಗಳು ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ನಿದ್ದೆ ಮಾಡುತ್ತವೆ, ಆ ನಿದ್ದೆಯನ್ನೇ ನಮ್ಮ ಕಡೆಗೆ ಮಾಡಿಕೊಳ್ಳಬೇಕು. ಚೆಂಡಾಟ ಆಡಿಸಿ, ಉದ್ರೇಕಗೊಳಿಸಿ ಹೊರಟ ದಿನಗಳೆಲ್ಲ ಹಾಳಾಗಿದ್ದವು.

ಹಾಗೆ ಮೆಟ್ಟಿಲ ಮೇಲೆ ಕೂತಿದ್ದಾಗಲೇ ಒಂದು ದಿನ ಕೆಳಗಿನ ಅಜ್ಜಿ ಸಿಕ್ಕಿದರು. ಇಲ್ಲಿ ಯಾಕೆ ಕೂತಿದ್ದೀರಿ, ಹೆಂಡತಿ ಹೊರಗೆ ಹಾಕಿದಳೇ ಎಂದು ಕೇಳಿದರು. ಮೊಬೈಲ್ ತೋರಿಸಿದೆ. ಗುಂಡ ಮಲಗಿದ್ದ. ನಾನು ಅಂದೆ: ನಿಮ್ಮ ದಿನಚರಿಯಿಂದ ನನಗೆ ಬಹಳ ಉಪಕಾರವಾಗಿದೆ. ತಮಾಷೆಯಲ್ಲ, ನಿಜವೇ. ನಾವು ಹೋದ ನಾಲ್ಕೇ ನಿಮಿಷಕ್ಕೆ ಶುರು, ಮತ್ತೆ ಪ್ರತಿದಿನ 11.20ರ ಸುಮಾರಿಗೆ ಶುರು ಎಂಬುದು ಅವರು ಬರೆಯದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. 11.20 ಅಂಚೆಯವರು ಬರುವ ಹೊತ್ತು! ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿ, ನಾವೇ ಬಂದೆವೆಂದು ಆಸೆಪಟ್ಟು, ಬರದಿದ್ದಾಗ ಊಳಿಡುತ್ತಿದ್ದ. ಇಷ್ಟು ಚೆನ್ನಾದ ಬಗ್ ರಿಪೋರ್ಟನ್ನು ನಮ್ಮ ಟೆಸ್ಟಿಂಗ್ ತಂಡವೂ ಕೊಟ್ಟಿಲ್ಲ. ದಯವಿಟ್ಟು ಬರೆಯುವುದನ್ನು ನಿಲ್ಲಿಸಬೇಡಿ ಎಂದು ಕೇಳಿಕೊಂಡೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಸರಿ ಎಂದರು. ಗುಂಡನ ಹಾಸಿಗೆಯನ್ನು ಮುಂಬಾಗಿಲಿನಿಂದ ಒಳಕೋಣೆಗೆ ಸಾಗಿಸಿದೆವು, ಅಂಚೆಯವರ ಸದ್ದು ಅಲ್ಲಿಗೆ ಅಷ್ಟಾಗಿ ಕೇಳುವುದಿಲ್ಲ.

ತಿನ್ನುವ ಆಟಿಕೆಯ ಬಗ್ಗೆ ಒಂದು ಮಾತು. ಕಾಂಗ್ ಎಂಬ, ಒಳಗೆ ಪೊಳ್ಳಾದ ರಬ್ಬರ್ ಆಟಿಕೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕಂಡುಹಿಡಿದ ಜೋ ಮಾರ್ಖಮ್ ಎಂಬ ಅಮೆರಿಕದವರ ಬಳಿ ಫ್ರಿಟ್ಜ್ ಎಂಬ ಜರ್ಮನ್ ಶೆಫರ್ಡ್ ಇತ್ತಂತೆ, ಅದು ಕಲ್ಲು ಕಡಿಯುತ್ತಿದ್ದುದನ್ನು ಬಿಡಿಸಿದ್ದು ಒಂದು ಹಳೆಯ ಫೋಕ್ಸ್‌ವಾಗನ್ ವಾಹನದ ರಬ್ಬರ್ ಭಾಗವಂತೆ. ನಾವು ಅದರೊಳಗೆ ಒಗ್ಗರಣೆ ಉಪ್ಪು ಇಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಇಟ್ಟು ಕೊಟ್ಟೆವು. ನೆಕ್ಕಿ ನೆಕ್ಕಿ ಸುಸ್ತಾಗಿ ಮಲಗುತ್ತಾನೆ. ಆದರೆ ಇದು ಮದ್ದಲ್ಲ. ನಿಜವಾಗಿ ಹೆದರಿದ ನಾಯಿ ತಿನ್ನುವುದೇ ಇಲ್ಲ, ಮೊದಲ ದಿನ ಬಟ್ಟಲಿನ ಊಟ ಹಾಗೇ ಇದ್ದದ್ದು ಅದಕ್ಕೇ. ಬಿಟ್ಟುಹೋದ ತಿಂಡಿ ಮುಟ್ಟಿಲ್ಲವೆಂದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ನಮ್ಮ ಮನೆಗಳಿಗೆ ಬೇಕಾದ ಎಚ್ಚರಿಕೆ ಇನ್ನೊಂದಿದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಇವೆಲ್ಲ ನಾಯಿಗೆ ವಿಷ. ಪಾಯಸದ ಬಟ್ಟಲು, ಸಾಂಬಾರಿನ ಅನ್ನ ದಯವಿಟ್ಟು ಬೇಡ. ಪೀನಟ್ ಬಟರ್ ಕೊಡುವವರು ಅದರಲ್ಲಿ ಸಕ್ಕರೆಯ ಬದಲಿಗೆ ಕ್ಸೈಲಿಟಾಲ್ ಇದೆಯೇ ಎಂದು ನೋಡಿ, ಅದು ಇನ್ನೂ ಅಪಾಯ.

ಎಲ್ಲವೂ ಏರುಮುಖವಾಗಿರಲಿಲ್ಲ. ಅಮ್ಮನ ದನಿ ಕೇಳಿದರೆ ಸಮಾಧಾನವಾದೀತು ಎಂದು ಒಂದು ದಿನ ವಾಟ್ಸಾಪ್ ಕರೆಯಲ್ಲಿ ಅವರಿಂದ "ಗುಂಡಾ" ಎನ್ನಿಸಿದೆವು. ಅವನು ಫೋನಿನ ಹಿಂದೆ, ಸೋಫಾ ಕೆಳಗೆ, ಬಾಗಿಲ ಬಳಿ, ಎಲ್ಲ ಕಡೆ ಹುಡುಕಿ ಕೊನೆಗೆ ಬಾಗಿಲ ಮುಂದೆ ಕೂತು ಅತ್ತ. ಆ ಕಡೆ ಅಮ್ಮನೂ. ಆ ಪ್ರಯೋಗ ಅಲ್ಲಿಗೇ ಕೈಬಿಟ್ಟೆವು. ಅಮ್ಮ ಬಿಟ್ಟುಹೋಗಿದ್ದ ಒಂದು ಹಳೆಯ ನೂಲಿನ ಸೀರೆಯನ್ನು ಒಗೆಯದೆ ಅವನ ಹಾಸಿಗೆಗೆ ಹಾಸಿದ್ದು ಮಾತ್ರ ಫಲಿಸಿತು. ಅದು ಈಗಲೂ ಇದೆ, ಅರ್ಧ ಉಳಿದಿದೆ.

ಭಾನುವಾರದ ಕರೆಯಲ್ಲಿ ನಾನು ಅಮ್ಮನಿಗೆ ನಿಮಿಷಗಳ ವರದಿ ಒಪ್ಪಿಸುತ್ತಿದ್ದೆ. ಇವತ್ತು ಹನ್ನೆರಡು, ಇವತ್ತು ಹದಿನಾಲ್ಕು. ಒಮ್ಮೆ ಅವರು, "ಏನೋ ಪುಟ್ಟ, ನಾಯಿಗೆ ಇಷ್ಟೆಲ್ಲ ಮಾಡ್ತೀಯ. ನಿನ್ನನ್ನ ಹಾಸ್ಟೆಲಿಗೆ ಸೇರಿಸಿದಾಗ ನಾನೂ ನಿಮ್ಮಪ್ಪನೂ ಟ್ರಂಕು ಇಳಿಸಿ, ತಿರುಗಿ ನೋಡದೆ ಬಸ್ಸು ಹತ್ತಿದ್ವಿ" ಎಂದು ನಕ್ಕರು. ನಿಮಗೆ ಹೇಗಿದೆ ಅಲ್ಲಿ ಎಂದು ಕೇಳಿದೆ. "ಮೊದಲ ವಾರ ಮನೆ ಭಣಭಣ ಅಂತಿತ್ತು. ಈಗ ಪಕ್ಕದ್ಮನೆ ಶಾಂತಕ್ಕ ಸಂಜೆ ಬಂದು ಕೂತು ಹೋಗ್ತಾಳೆ" ಎಂದರು. ಅಷ್ಟು ವಾರಗಳಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಅಂಕಿ ಅಂಶ ಬೇಕೆನ್ನುವವರಿಗೆ: ಆಗಸ್ಟ್ ನಡುವೆ ಹನ್ನೆರಡು ನಿಮಿಷ. ಶಾಲೆ ಮತ್ತೆ ಶುರುವಾದಾಗ ಐವತ್ತು. ಮೊದಲ ಅರ್ಧ ಗಂಟೆ ದಾಟುವುದೇ ಕಷ್ಟ, ಅದು ದಾಟಿದ ಮೇಲೆ ಬೇಗ ಬೇಗ ಏರಿತು. ಅಕ್ಟೋಬರ್ ಕೊನೆಯಲ್ಲಿ ಮಾಲೀಕರ ಗಡುವಿನ ದಿನ ಎರಡು ಗಂಟೆ ಹತ್ತು ನಿಮಿಷ. ಅದರ ಜೊತೆ ಕೆಳಗಿನ ಅಜ್ಜಿಯ ಹೊಸ ದಿನಚರಿಯೂ ಮಾಲೀಕರಿಗೆ ಹೋಯಿತು. ಹದಿಮೂರು ದಿನ ಪೂರ್ತಿ ಖಾಲಿ, ಒಂದು ದಿನ ಮಾತ್ರ 'ಬೊಗಳು, ಎರಡು ನಿಮಿಷ, ಪಾರ್ಸೆಲ್ ತಂದವನು ತಪ್ಪಾಗಿ ಗಂಟೆ ಒತ್ತಿದ್ದು' ಎಂದು ಕಾರಣ ಸಮೇತ. ಮಾಲೀಕರಿಂದ ಮತ್ತೆ ಪತ್ರ ಬರಲಿಲ್ಲ.

ರಾಜ್ಯೋತ್ಸವದ ದಿನ ಗುಂಡನ ಮಿತಿ ಎರಡೂವರೆ ಗಂಟೆ. ಬರಬೇಕಿದ್ದ ವಿದ್ಯಾರ್ಥಿಗೆ ಜ್ವರ, ಮಗಳ ನೃತ್ಯ ತಪ್ಪಿಸುವಂತಿಲ್ಲ. ಹತ್ತೂವರೆಗೆ ಮನೆ ಬಿಟ್ಟಿದ್ದೆವು. ಹನ್ನೆರಡೂ ಮುಕ್ಕಾಲಿಗೆ ಕ್ಯಾಮೆರಾದಲ್ಲಿ ನೋಡಿದರೆ ಅವನು ಎದ್ದು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾನೆ. ಇನ್ನೂ ಕೂಗಿಲ್ಲ. ಓಡಿದೆವು. ಒಂದೂ ಹತ್ತಕ್ಕೆ ಬಾಗಿಲು ತೆರೆದಾಗ ಮೈಮುರಿದು, ಆಕಳಿಸಿ, ಬಾಲ ಅಲ್ಲಾಡಿಸಿದ. ಆ ದಿನ ನಾವು ತಿಂದದ್ದು ಉಪ್ಪಿಟ್ಟು.

ಮುಗಿಯಿತು ಎಂದುಕೊಂಡೆವು. ಡಿಸೆಂಬರ್ 31ರ ರಾತ್ರಿ ಈ ದೇಶ ಹೇಗಿರುತ್ತದೆಂದು ನಿಮಗೇ ಗೊತ್ತಿದೆ. ನಾವು ಪಕ್ಕದಲ್ಲೇ ಇದ್ದೆವು, ಕಿಟಕಿ ಮುಚ್ಚಿ, ಪರದೆ ಎಳೆದು, ಹಾಡು ಹಾಕಿದ್ದೆವು. ಆದರೂ ಪಟಾಕಿಯ ಸದ್ದಿಗೆ ಬಚ್ಚಲಮನೆಯ ಮೂಲೆ ಸೇರಿದವನು ಬೆಳಗಿನವರೆಗೆ ಹೊರಬರಲಿಲ್ಲ. ಜನವರಿಯಲ್ಲಿ ಮತ್ತೆ ಮೆಟ್ಟಿಲ ಮೇಲೆ ಕೂತೆ, ಈ ಸಲ ಉಣ್ಣೆ ಟೋಪಿ ಹಾಕಿಕೊಂಡು. ಐದು ನಿಮಿಷದಿಂದ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ, ಫೆಬ್ರವರಿ ಕೊನೆಗೆ ಮೂರು ಗಂಟೆ. ನಾಲ್ಕು ಗಂಟೆಗಿಂತ ಹೆಚ್ಚು ಅವನನ್ನು ಒಂಟಿ ಬಿಡುವುದಿಲ್ಲ ಎಂದು ನಾವೇ ಗೆರೆ ಎಳೆದುಕೊಂಡಿದ್ದೇವೆ. ಇಷ್ಟೆಲ್ಲ ಮಾಡಿದರೂ ಸುಧಾರಿಸದ ನಾಯಿಗಳೂ ಇರುತ್ತವೆ, ಅಂಥವಕ್ಕೆ ಪಶುವೈದ್ಯರು ತರಬೇತಿಯ ಜೊತೆಗೆ ಮಾತ್ರೆಯನ್ನೂ ಕೊಡುತ್ತಾರೆ. ಅದರಲ್ಲಿ ನಾಚಿಕೆಪಡುವುದೇನಿಲ್ಲ.

ಮರಿ ತರುವ ಯೋಚನೆಯಲ್ಲಿರುವವರು ನನಗೆ ಫೋನ್ ಮಾಡಿ, ಎಕ್ಸೆಲ್ ಹಾಳೆ ಕಳಿಸುತ್ತೇನೆ. ಬಂದ ಮೊದಲ ವಾರದಿಂದಲೇ, ಮನೆ ತುಂಬ ಜನ ಇರುವಾಗಲೇ, ಪಕ್ಕದ ಕೋಣೆಯಲ್ಲಿ ಒಂದೆರಡು ನಿಮಿಷ ಒಂಟಿಯಾಗಿ ಮಲಗುವುದನ್ನು ಕಲಿಸಿಬಿಡಿ. ಅಜ್ಜ ಅಜ್ಜಿ ಊರಿಂದ ಬಂದಿರುವಾಗ ಮರಿ ತರುವವರಂತೂ ಇದನ್ನು ಮರೆಯಬೇಡಿ. ನಾವು ಐದು ತಿಂಗಳು ಮಾಡಿದ್ದನ್ನು ನೀವು ಐದು ವಾರದಲ್ಲಿ ಮಾಡಬಹುದು.

ಅಮ್ಮ ಏಪ್ರಿಲ್‌ನಲ್ಲಿ ಮತ್ತೆ ಬರುತ್ತಿದ್ದಾರೆ. ದಿನಕ್ಕೆ ಒಂದು ಗಂಟೆ ಅವರನ್ನು ವಾಕಿಂಗ್‌ಗೆ ಕಳಿಸಬೇಕೆಂದು ಮಗಳು ಈಗಲೇ ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸಿದ್ದಾಳೆ. ಕೆಳಗಿನ ಅಜ್ಜಿ ಜೊತೆಗೆ ಹೋಗಲು ಒಪ್ಪಿದ್ದಾರೆ, ಭಾಷೆ ಏನು ಮಾಡುತ್ತಾರೋ ನೋಡಬೇಕು.

ಯುಗಾದಿ ಕಾರ್ಯಕ್ರಮಕ್ಕೆ ನಾವು ಮೂವರೂ ಬರುತ್ತೇವೆ. ಸಮಿತಿಯವರಲ್ಲಿ ಒಂದೇ ವಿನಂತಿ, ಈ ಸಲವಾದರೂ ಊಟವನ್ನು ಭಾಷಣಗಳಿಗೆ ಮುಂಚೆ ಇಟ್ಟುಕೊಳ್ಳಿ. ಮೂರು ಗಂಟೆಯೊಳಗೆ ಹೋಳಿಗೆ ಬಡಿಸಿದರೆ ಗುಂಡನ ಪರವಾಗಿ ಎರಡು ಹೆಚ್ಚು ತಿನ್ನುತ್ತೇನೆ.